ಮುಕ್ತ ವಿಶ್ವಕೋಶದಲ್ಲಿ ಸ್ಮಾರಕ ಚಿತ್ರಗಳ ಹಕ್ಕುಸ್ವಾಮ್ಯ: ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಅನುಲಕ್ಷಿಸಿ

ಕರ್ನಾಟಕದ ಸ್ಥಳೀಯ ಚರಿತ್ರೆಯ ರಚನೆಯಲ್ಲಿ ಶಾಸನ, ಕೈಫಿಯತ್ತು, ಕಡತಗಳಿಗೆ ದೊರೆತಿರುವ ಗಮನ ಛಾಯಾಚಿತ್ರಗಳಿಗೆ ದೊರೆತಿಲ್ಲ. ಚಿತ್ರವನ್ನು ಲೇಖನದ ಅಲಂಕಾರವೆಂದು ಭಾವಿಸುವುದೇ ವಾಡಿಕೆಯಾಗಿದೆ. ಆದರೆ ಕಲ್ಲು ಕಣ್ಮರೆಯಾದ ಮೇಲೆ ಅದರ ಚಿತ್ರವೇ ಆಕರವಾಗುತ್ತದೆ. ಆ ಚಿತ್ರ ಯಾರದು, ಅದನ್ನು ಯಾರು ಯಾವ ಷರತ್ತಿನ ಮೇಲೆ ಬಳಸಬಹುದು ಎಂಬ ಪ್ರಶ್ನೆ ಆಗ ಚರಿತ್ರೆಕಾರನ ಪ್ರಶ್ನೆಯೂ ಆಗುತ್ತದೆ. ಸಾವಿರಾರು ಜನ ಸೇರಿ ಬರೆಯುವ ವಿಕಿಪೀಡಿಯದಂತಹ ಮುಕ್ತ ವಿಶ್ವಕೋಶ ಬಂದ ಮೇಲೆ ಈ ಪ್ರಶ್ನೆ ಹಳ್ಳಿಯ ವೀರಗಲ್ಲಿನವರೆಗೂ ಬಂದು ತಲಪಿದೆ.

ಬೆಂಗಳೂರು ಗ್ರಾಮಾಂತರ ಜಿಲ್ಲೆ ಅಸ್ತಿತ್ವಕ್ಕೆ ಬಂದುದು 1986ರಲ್ಲಿ. 2007ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕು ತಾಲ್ಲೂಕುಗಳು ಇದರಲ್ಲಿ ಉಳಿದವು. ಆಡಳಿತ ಘಟಕವಾಗಿ ಜಿಲ್ಲೆ ಹೊಸದಾದರೂ ನೆಲ ಪ್ರಾಚೀನವಾದುದು. ನೆಲಮಂಗಲ ತಾಲ್ಲೂಕಿನ ಮಣ್ಣೆ, ಗಂಗರ ಕಾಲದ ಮಾನ್ಯಪುರ. ಶಿವಗಂಗೆಯಲ್ಲಿ ಹೊಯ್ಸಳ ರಾಣಿ ಶಾಂತಲೆ ಮಡಿದಳೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ದೇವನಹಳ್ಳಿಯ ಕೋಟೆ 1501ರಲ್ಲಿ ಮಲ್ಲಬೈರೇಗೌಡನಿಂದ ಆರಂಭವಾಗಿ, ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಕಲ್ಲಿನ ಕೋಟೆಯಾಗಿ, 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು.

ಈ ನೆಲದ ಶಾಸನಗಳನ್ನು ಮೊದಲಿಗೆ ವ್ಯವಸ್ಥಿತವಾಗಿ ಮುದ್ರಣಕ್ಕೆ ತಂದವರು ಬಿ. ಎಲ್. ರೈಸ್. ಅವರ ಎಪಿಗ್ರಾಫಿಯ ಕರ್ನಾಟಿಕದ 9ನೆಯ ಸಂಪುಟ 1905ರಲ್ಲಿ ಪ್ರಕಟವಾಯಿತು. ಅದರಲ್ಲಿ ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳು ತಾಲ್ಲೂಕುವಾರು ಸಂಖ್ಯೆಗಳೊಡನೆ ಜೋಡಣೆಗೊಂಡಿವೆ. ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ಸಂಬಂಧಿಸಿದ, ಕ್ರಿ.ಶ. 797ರ ಮಣ್ಣೆಯ ತಾಮ್ರಶಾಸನ ಬೆಳಕಿಗೆ ಬಂದುದು ಈ ಸಂಪುಟದಿಂದಲೇ. ರೈಸ್ 1927ರಲ್ಲಿ ನಿಧನರಾದರು. ಕರ್ತೃವಿನ ಮರಣಾನಂತರದ 60 ವರ್ಷಗಳ ಲೆಕ್ಕವನ್ನು ಹಿಡಿದರೂ, ಸರ್ಕಾರಿ ಪ್ರಕಟಣೆಯ 60 ವರ್ಷಗಳ ಲೆಕ್ಕವನ್ನು ಹಿಡಿದರೂ ಈ ಸಂಪುಟ ಇಂದು ಸಾರ್ವಜನಿಕ ಸ್ವತ್ತು. ಇದರ ಯಾವ ಪುಟವನ್ನಾದರೂ ಯಾರ ಅಪ್ಪಣೆಯೂ ಇಲ್ಲದೆ ವಿಶ್ವಕೋಶಕ್ಕೆ ಸೇರಿಸಬಹುದು. ಆದರೆ ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳ ವಿಷಯ ಬೇರೆ. ಅಲ್ಲಿಯೂ ಶಾಸನದ ಮೂಲ ಪಾಠ ಯಾರ ಸ್ವತ್ತೂ ಅಲ್ಲ. ಸಂಪಾದಕರ ಪೀಠಿಕೆ, ಟಿಪ್ಪಣಿ, ಅನುವಾದಗಳಿಗೆ ಮಾತ್ರ ಹಕ್ಕು ಇನ್ನೂ ಜೀವಂತವಾಗಿದೆ.

ಛಾಯಾಚಿತ್ರದ ಹಕ್ಕಿನ ಅವಧಿ ಕಾಲದಿಂದ ಕಾಲಕ್ಕೆ ಬದಲಾದುದನ್ನು ಇಲ್ಲಿ ಗಮನಿಸಬೇಕು. ಬ್ರಿಟಿಷ್ ಸಂಸತ್ತಿನ 1911ರ ಶಾಸನವನ್ನು ಬ್ರಿಟಿಷ್ ಭಾರತಕ್ಕೆ ಅಳವಡಿಸಿದುದು 1914ರ ಕಾಯಿದೆ. ಅದರ ಪ್ರಕಾರ ಮೂಲ ನೆಗೆಟಿವ್ ಸಿದ್ಧವಾದ ದಿನದಿಂದ 50 ವರ್ಷ ಹಕ್ಕು ಇರುತ್ತಿತ್ತು. ಸ್ವತಂತ್ರ ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆ 1958ರ ಜನವರಿ 21ರಂದು ಜಾರಿಗೆ ಬಂದು, ಚಿತ್ರ ಪ್ರಕಟವಾದ ವರ್ಷದಿಂದ ಎಣಿಸುವ ಪದ್ಧತಿಯನ್ನು ತಂದಿತು. ರವೀಂದ್ರನಾಥ ಠಾಕೂರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯಲಿದ್ದ ಸಂದರ್ಭದಲ್ಲಿ 50 ವರ್ಷದ ಅವಧಿಯನ್ನು 60ಕ್ಕೆ ಏರಿಸಲಾಯಿತು. 2012ರ ತಿದ್ದುಪಡಿ ಛಾಯಾಚಿತ್ರಕ್ಕೆ ಮೀಸಲಾಗಿದ್ದ 25ನೆಯ ಪ್ರಕರಣವನ್ನೇ ತೆಗೆದುಹಾಕಿತು. ಅಂದಿನಿಂದ ಛಾಯಾಗ್ರಾಹಕನು ಕವಿ, ಕಾದಂಬರಿಕಾರರ ಸಾಲಿಗೆ ಸೇರಿದ್ದಾನೆ. ಅವನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಹಕ್ಕು ಉಳಿಯುತ್ತದೆ. ಇದರ ಪರಿಣಾಮವಾಗಿ, ಇಂದು ತೆಗೆದ ಚಿತ್ರವೊಂದು ತಾನಾಗಿ ಸಾರ್ವಜನಿಕ ಸ್ವತ್ತಾಗಲು ಒಂದು ಶತಮಾನವೇ ಬೇಕಾಗಬಹುದು. ಅಷ್ಟು ಕಾಲ ಕಾಯಲಾಗದ ಕಡೆ ಪರವಾನಗಿಯ ಅಗತ್ಯ ತಲೆದೋರುತ್ತದೆ.

ವಿಕಿಪೀಡಿಯ ಆರಂಭವಾದುದು 2001ರ ಜನವರಿ 15ರಂದು. ಕನ್ನಡ ಆವೃತ್ತಿ 2003ರಲ್ಲಿ ರೂಪುಗೊಂಡಿತು. ಎಲ್ಲ ಭಾಷೆಗಳ ಆವೃತ್ತಿಗಳಿಗೂ ಸಾಮಾನ್ಯವಾದ ಚಿತ್ರಭಂಡಾರವಾಗಿ ವಿಕಿಮೀಡಿಯ ಕಾಮನ್ಸ್ 2004ರ ಸೆಪ್ಟೆಂಬರ್‌ನಲ್ಲಿ ಆರಂಭವಾಯಿತು. ಮೊದಲ ವರ್ಷಗಳಲ್ಲಿ ತಂತ್ರಾಂಶದ ಕೈಪಿಡಿಗಳಿಗಾಗಿ ರಚಿತವಾದ ಗ್ನೂ ಪರವಾನಗಿಯೇ ಲೇಖನಗಳಿಗೂ ಅನ್ವಯಿಸುತ್ತಿತ್ತು. 2009ರಲ್ಲಿ ಕ್ರಿಯೇಟಿವ್ ಕಾಮನ್ಸ್‌ನ ಪರವಾನಗಿ ಮುಖ್ಯವಾಯಿತು. ಅದರ ತಿರುಳು ಸರಳವಾದುದು: ಚಿತ್ರವನ್ನು ಯಾರು ಬೇಕಾದರೂ ಬಳಸಬಹುದು, ಮಾರ್ಪಡಿಸಬಹುದು, ಮಾರಾಟಕ್ಕೂ ಬಳಸಬಹುದು, ಆದರೆ ತೆಗೆದವರ ಹೆಸರನ್ನು ಹೇಳಬೇಕು, ಮಾರ್ಪಡಿಸಿದ್ದನ್ನು ಅದೇ ಷರತ್ತಿನ ಮೇಲೆ ಇತರರಿಗೂ ಬಿಟ್ಟುಕೊಡಬೇಕು. ಹಕ್ಕುಸ್ವಾಮ್ಯ ಛಾಯಾಗ್ರಾಹಕನಲ್ಲಿಯೇ ಉಳಿಯುತ್ತದೆ, ಅನುಮತಿ ಮಾತ್ರ ಲೋಕಕ್ಕೆ ಸಲ್ಲುತ್ತದೆ. ಒಮ್ಮೆ ಕೊಟ್ಟ ಅನುಮತಿಯನ್ನು ಷರತ್ತು ಪಾಲಿಸುವವರಿಂದ ಹಿಂದಕ್ಕೆ ಪಡೆಯಲಾಗದು.

ಈ ಷರತ್ತಿನ ಅರ್ಥ ಜಿಲ್ಲೆಯ ನೆಲದ ಮೇಲೆ ಹೇಗಿರುತ್ತದೆ? ಪುಷ್ಯ ಮಾಸದ ಘಾಟಿ ಸುಬ್ರಹ್ಮಣ್ಯದ ರಥೋತ್ಸವವನ್ನು ಒಬ್ಬರು ಚಿತ್ರೀಕರಿಸಿ ಕಾಮನ್ಸ್‌ಗೆ ಸೇರಿಸಿದರೆಂದು ಭಾವಿಸೋಣ. ದೊಡ್ಡಬಳ್ಳಾಪುರದ ಅಂಗಡಿಯವರು ಅದನ್ನು ತಮ್ಮ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಬಹುದು; ಹಣ ಕೊಡಬೇಕಾಗಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಹೆಸರನ್ನೂ ಪರವಾನಗಿಯನ್ನೂ ನಮೂದಿಸದೆ ಅಚ್ಚು ಹಾಕಿಸಿದರೆ ಅದು ಹಕ್ಕಿನ ಉಲ್ಲಂಘನೆ. ವ್ಯಾಪಾರಕ್ಕೆ ಬಳಸಬಾರದೆಂಬ ನಿರ್ಬಂಧವಿರುವ ಚಿತ್ರವನ್ನು ಕಾಮನ್ಸ್ ಸ್ವೀಕರಿಸುವುದಿಲ್ಲ. ಜ್ಞಾನದ ಸಾಮಗ್ರಿ ಪಠ್ಯಪುಸ್ತಕದ ಪ್ರಕಾಶಕನಿಗೂ ಹಳ್ಳಿಯ ಮುದ್ರಣಾಲಯಕ್ಕೂ ಸಮಾನವಾಗಿ ದೊರೆಯಬೇಕೆಂಬುದು ಇದರ ಹಿಂದಿನ ನಿಲುವು. ತಮ್ಮ ದುಡಿಮೆಯಿಂದ ಇತರರು ಲಾಭ ಪಡೆಯುತ್ತಾರೆಂಬ ಛಾಯಾಗ್ರಾಹಕರ ಅಳುಕು ನಿರಾಧಾರವಾದುದಲ್ಲ. ಅಂಥವರು ಈ ಪರವಾನಗಿಯನ್ನು ಆಯ್ದುಕೊಳ್ಳುವ ಮೊದಲು ಆಲೋಚಿಸುವುದು ನ್ಯಾಯವೇ ಆಗಿದೆ.

ಚಿತ್ರದಲ್ಲಿರುವ ವಸ್ತುವಿಗೂ ಹಕ್ಕು ಇರಬಹುದೆಂಬುದು ಎರಡನೆಯ ತೊಡಕು. ದೇವನಹಳ್ಳಿಯ ಕೋಟೆಗಾಗಲೀ ಹೊಸಕೋಟೆಯ ಅವಿಮುಕ್ತೇಶ್ವರ ದೇವಾಲಯಕ್ಕಾಗಲೀ ಹಕ್ಕುಸ್ವಾಮ್ಯದ ಮಾತೇ ಇಲ್ಲ. ಆದರೆ 2022ರ ನವೆಂಬರ್ 11ರಂದು ವಿಮಾನ ನಿಲ್ದಾಣದ ಆವರಣದಲ್ಲಿ ಅನಾವರಣಗೊಂಡ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ ಆಧುನಿಕ ಶಿಲ್ಪಿ ರಾಮ್ ಸುತಾರರ ಕೃತಿ. ಅದರ ಚಿತ್ರವನ್ನು ಪ್ರಕಟಿಸುವುದು ಶಿಲ್ಪಿಯ ಹಕ್ಕಿನ ಮೇಲೆ ಆಕ್ರಮಣವಾಗದೆ? ಭಾರತದ ಕಾಯಿದೆಯ 52ನೆಯ ಪ್ರಕರಣ ಇದಕ್ಕೆ ಉತ್ತರ ಕೊಡುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಅಥವಾ ಜನರಿಗೆ ಪ್ರವೇಶವಿರುವ ಆವರಣದಲ್ಲಿ ಶಾಶ್ವತವಾಗಿ ನೆಲೆಗೊಳಿಸಿದ ಶಿಲ್ಪದ ಚಿತ್ರ ತೆಗೆಯುವುದಕ್ಕೂ ಪ್ರಕಟಿಸುವುದಕ್ಕೂ ಅಲ್ಲಿ ವಿನಾಯಿತಿಯಿದೆ, ಕಟ್ಟಡಗಳಿಗೂ ಇದೆ. ಅಮೆರಿಕದ ಕಾನೂನು ಕಟ್ಟಡಗಳಿಗೆ ಇಂಥ ವಿನಾಯಿತಿ ಕೊಟ್ಟಿದ್ದರೂ ಶಿಲ್ಪಗಳಿಗೆ ಕೊಟ್ಟಿಲ್ಲ. ಹೀಗಾಗಿ ಈ ವಿಷಯದಲ್ಲಿ ನಮ್ಮ ಕಾಯಿದೆ ಉದಾರವಾದುದೆನ್ನಬಹುದು. ಆದರೆ ಈ ಔದಾರ್ಯ ಗೋಡೆಯ ಮೇಲಿನ ಚಿತ್ರಕಲೆಗೆ ವಿಸ್ತರಿಸುವುದಿಲ್ಲ. ಇತ್ತೀಚಿನ ಕಲಾವಿದರೊಬ್ಬರು ಬಿಡಿಸಿದ ಭಿತ್ತಿಚಿತ್ರವನ್ನು ಅವರ ಅನುಮತಿಯಿಲ್ಲದೆ ಸೇರಿಸಲಾಗದು.

ಮೂರನೆಯದು, ಯಾರು ಒಡೆಯರೆಂಬ ಪ್ರಶ್ನೆ. ಚಿತ್ರ ಯಾರ ಕೈಯಲ್ಲಿದೆಯೋ ಅವರೇ ಒಡೆಯರೆಂಬ ನಂಬಿಕೆ ವ್ಯಾಪಕವಾಗಿದೆ. ಕಾಯಿದೆಯ ದೃಷ್ಟಿಯಲ್ಲಿ ಇದು ಸರಿಯಲ್ಲ. ಸಾಮಾನ್ಯವಾಗಿ ತೆಗೆದವನೇ ಒಡೆಯ. ಆದರೆ 17ನೆಯ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಒಡೆತನ ತೆಗೆಸಿದವರದು. ನೌಕರಿಯ ಭಾಗವಾಗಿ ತೆಗೆದ ಚಿತ್ರ ಸಾಮಾನ್ಯವಾಗಿ ಮಾಲೀಕನದು. ನೆಲಮಂಗಲದ ಒಂದು ಮನೆಯ ಹಳೆಯ ಪೆಟ್ಟಿಗೆಯಲ್ಲಿ ಸ್ವಾತಂತ್ರ್ಯ ಚಳವಳಿಗಾರರ ಗುಂಪಿನ ಚಿತ್ರವೊಂದು ದೊರೆತರೆ, ಅದನ್ನು ಸ್ಟುಡಿಯೋದವರು ತೆಗೆದರೇ, ಯಾರು ಹಣ ಕೊಟ್ಟರು, ಯಾವಾಗ, ಎಲ್ಲಿಯಾದರೂ ಪ್ರಕಟವಾಗಿತ್ತೇ ಎಂಬುದನ್ನು ವಿಚಾರಿಸಿ ಬರೆದಿಡಬೇಕು. ಈ ವಿಚಾರಣೆ ಚರಿತ್ರೆಕಾರನ ಆಕರ ಪರಿಶೀಲನೆಗಿಂತ ಬೇರೆಯಾದುದಲ್ಲ.

ಕಾಮನ್ಸ್‌ನ ಚಿತ್ರಗಳು ಅಮೆರಿಕದ ಕಾನೂನಿಗೂ ಒಳಪಡುವುದರಿಂದ ಮತ್ತೊಂದು ಸಿಕ್ಕು ಇದೆ. 1996ರ ಜನವರಿ 1ರಂದು ಭಾರತದಲ್ಲಿ ಹಕ್ಕು ಉಳಿದಿದ್ದ ಕೃತಿಗಳಿಗೆ ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷಗಳ ರಕ್ಷಣೆ ಪುನಃ ದೊರೆಯಿತು. 1955ರಲ್ಲಿ ಪ್ರಕಟವಾದ ಸರ್ಕಾರಿ ಪುಸ್ತಕವೊಂದರ ಚಿತ್ರ ಭಾರತದಲ್ಲಿ 2015ರ ಕೊನೆಗೆ ಮುಕ್ತವಾದರೂ ಆ ಲೆಕ್ಕದಲ್ಲಿ ಅಲ್ಲಿ 2050ರ ಕೊನೆಯವರೆಗೆ ಬಂಧಿತವಾಗಿಯೇ ಇರುತ್ತದೆ. ಸ್ವಂತ ಊರಿನಲ್ಲಿ ಸರ್ವರ ಸ್ವತ್ತಾದ ಚಿತ್ರ ಜಗತ್ತಿನ ಭಂಡಾರದಲ್ಲಿ ಜಾಗ ಪಡೆಯಲಾಗದ ವೈಚಿತ್ರ್ಯ ಇದು.

ಶಾಸನಗಳ ಪಡಿಯಚ್ಚು ಹಾಗೂ ಮೂರು ಆಯಾಮದ ಸ್ಕ್ಯಾನಿಂಗ್ ಇನ್ನೂ ಸೂಕ್ಷ್ಮವಾದ ವಿಷಯ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಪರಿಸರದ ಶಾಸನಗಳನ್ನು ಈ ವಿಧಾನದಿಂದ ದಾಖಲಿಸುತ್ತ ಬಂದಿದೆ. ಸವೆದ ಅಕ್ಷರಗಳನ್ನೂ ಓದುವಂತೆ ಮಾಡುವ ಈ ಕಾರ್ಯದ ಮಹತ್ವ ನಿರ್ವಿವಾದ. ಆದರೆ ಯಂತ್ರ ಯಥಾವತ್ತಾಗಿ ಎತ್ತಿಕೊಂಡ ಪ್ರತಿಕೃತಿಗೆ ಹೊಸ ಹಕ್ಕು ಹುಟ್ಟುತ್ತದೆಯೇ? ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇವಲ ಶ್ರಮ ಸಾಲದು, ಕನಿಷ್ಠ ಮಟ್ಟದ ಸೃಜನಶೀಲತೆಯಾದರೂ ಬೇಕೆಂದು ತೀರ್ಮಾನಿಸಿತು. ಆ ತೀರ್ಪು ಕಾನೂನು ವರದಿಗಳ ಸಂಪಾದನೆಯನ್ನು ಕುರಿತದ್ದು. ಶಿಲಾಶಾಸನದ ಪ್ರತಿಕೃತಿಗೆ ಅದನ್ನು ಅನ್ವಯಿಸುವ ಬಗೆ ಚರ್ಚಾಸ್ಪದವಾಗಿದೆ. ದಾಖಲಿಸಿದವರೇ ಸ್ಪಷ್ಟ ಪರವಾನಗಿಯನ್ನು ನಮೂದಿಸಿಬಿಟ್ಟರೆ ಈ ಸಂದೇಹಕ್ಕೆ ಎಡೆಯೇ ಇರುವುದಿಲ್ಲ.

ಸಂಸ್ಥೆಗಳು ಹೀಗೆ ಮುಂದೆ ಬಂದ ನಿದರ್ಶನ ಕನ್ನಡದಲ್ಲಿಯೇ ಇದೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ 14 ಸಂಪುಟಗಳ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡುವ ನಿರ್ಧಾರವನ್ನು 2014ರಲ್ಲಿ ಪ್ರಕಟಿಸಿತು. ಆದರೆ ಯಾವ ಸಂಸ್ಥೆಯಾದರೂ ತನ್ನದಾದುದನ್ನು ಮಾತ್ರ ಕೊಡಬಲ್ಲುದು. ಇತರರಿಂದ ಪಡೆದು ಅಚ್ಚು ಹಾಕಿದ ಚಿತ್ರಗಳಿಗೆ ಪ್ರತ್ಯೇಕ ಅನುಮತಿ ಬೇಕಾಗುತ್ತದೆ.

ಇವೆಲ್ಲ ಕೇವಲ ಕಾನೂನಿನ ಸೂಕ್ಷ್ಮಗಳೆಂದು ತಳ್ಳಿಹಾಕುವಂತಿಲ್ಲ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಬಳಿಕ ದೇವನಹಳ್ಳಿ ಸೀಮೆಯಲ್ಲಿ ಹೊಲಗಳು ಬಡಾವಣೆಗಳಾಗುತ್ತ ಬಂದಿವೆ. ರಸ್ತೆ ಅಗಲವಾಗುವಾಗ, ಕೆರೆಯ ಏರಿ ಸರಿಯುವಾಗ ತುರುಗೊಳ್ ಕಾಳಗದ ವೀರಗಲ್ಲು, ದಾನದ ಕಲ್ಲು ಎಲ್ಲಿಗೆ ಹೋದವೆಂದು ಹೇಳುವವರು ಉಳಿಯದಿರಬಹುದು. ಅಂಥ ಕಲ್ಲಿನ ಏಕೈಕ ಚಿತ್ರ ಯಾರದೋ ದೂರವಾಣಿಯಲ್ಲಿದ್ದು, ಅವರು ಅದನ್ನು ವಿಶ್ವಕೋಶಕ್ಕೆ ಸೇರಿಸಿ ಪರವಾನಗಿ ಬರೆಯದೆ ಬಿಟ್ಟರೆ, ಕಾಮನ್ಸ್‌ನ ನಿಯಮದಂತೆ 7 ದಿನಗಳ ಬಳಿಕ ಅದನ್ನು ಅಳಿಸಬಹುದು. ಇನ್ನೊಬ್ಬರ ಪುಸ್ತಕದಿಂದ ಎತ್ತಿ ಸ್ವಂತದ್ದೆಂದು ಹಾಕಿದ ಚಿತ್ರಕ್ಕೂ ಅದೇ ಗತಿ. ಈ ಕಾರಣದಿಂದ ಚಿತ್ರದೊಡನೆ ತೆಗೆದವರು, ದಿನಾಂಕ, ಗ್ರಾಮ, ಸರ್ವೆ ನಂಬರು, ರೈಸ್ ಸಂಪುಟದ ಸಂಖ್ಯೆ ಮತ್ತು ಪರವಾನಗಿ ಇವಿಷ್ಟನ್ನು ಬರೆಯುವುದು ಅತ್ಯವಶ್ಯ. ಹೆಸರುಗಳು ಬದಲಾಗುತ್ತವೆ, 2025ರ ಜುಲೈನಲ್ಲಿ ಈ ಜಿಲ್ಲೆಗೇ ಬೆಂಗಳೂರು ಉತ್ತರ ಎಂಬ ಹೆಸರನ್ನು ರಾಜ್ಯ ಸಚಿವ ಸಂಪುಟ ಒಪ್ಪಿತು. ಗ್ರಾಮದ ಹೆಸರೂ ಶಾಸನ ಸಂಖ್ಯೆಯೂ ಇದ್ದರೆ ಮುಂದಿನವರು ದಾರಿ ತಪ್ಪುವುದಿಲ್ಲ.

ಕನ್ನಡ ನಾಡಿಗೆ ಈ ಕ್ರಮ ಅಪರಿಚಿತವೂ ಅಲ್ಲ. ದಾನಶಾಸನವನ್ನು ಬರೆಸಿದವರು ಕೊಟ್ಟವರಾರು, ಪಡೆದವರಾರು, ಕೊಟ್ಟದ್ದೇನು, ಅದರ ಎಲ್ಲೆಗಳಾವುವು, ಸಾಕ್ಷಿಗಳಾರು ಎಂಬುದನ್ನು ಒಂದೊಂದಾಗಿ ಕಂಡರಿಸಿ, ಸೂರ್ಯಚಂದ್ರರಿರುವವರೆಗೆ ದತ್ತಿ ನಡೆಯಲೆಂದು ಆಶಿಸಿದರು. ಬರವಣಿಗೆಯಲ್ಲಿ ನಿಲ್ಲದ ದಾನ ವಿವಾದಕ್ಕೆ ಗುರಿಯಾಗುತ್ತದೆಂಬುದನ್ನು ಅವರು ಅರಿತಿದ್ದರು. ಶಾಸನದ ಕಲ್ಲನ್ನು ಚಿತ್ರದಲ್ಲಿ ಉಳಿಸಲು ಹೊರಟವರು ಅದೇ ಕಲ್ಲಿನಿಂದ ಕಲಿಯಬೇಕಾದ ಪಾಠವೂ ಇದೇ ಆಗಿದೆ.