ತಡವಾಗಿ ನಡೆದ ನಾಮಕರಣ

ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನುಗಳಿಗೆ ಪುರಿ ಎಸೆಯದೆ ಬರುವುದುಂಟೆ? ಅಲ್ಲಿ ಮುತ್ತಿಕೊಳ್ಳುವ ಮೀನುಗಳಲ್ಲಿ ಮಹಶೀರ್ ಕುಲದವೂ ಇವೆ. ಈ ಕುಲದ ಹಿರಿಯಣ್ಣನ ಮನೆ ಕಾವೇರಿ. ಅದಕ್ಕೆ ಗೂನು ಬೆನ್ನು, ಕಿತ್ತಳೆ ಬಣ್ಣದ ಬಾಲ. ನಾನು ಕನ್ನಡ ಪಾಠ ಹೇಳುವವನು; ಪ್ರಾಣಿಶಾಸ್ತ್ರ ನನ್ನ ಹೊಲವಲ್ಲ. ಆದರೆ ಈ ಮೀನಿಗೆ ಹೆಸರು ಬಂದ ಚರಿತ್ರೆ ಶಬ್ದಗಳ ಬೆನ್ನು ಹತ್ತಿದವನನ್ನು ಸುಮ್ಮನಿರಗೊಡದು.

ಬೀಸಣಿಗೆಯ ಕಡ್ಡಿಗಳಂತೆ ರೆಕ್ಕೆಯಲ್ಲಿ ಎಲುಬಿನ ಕಡ್ಡಿಗಳುಳ್ಳ ಮೀನುಗಳ ದೊಡ್ಡ ವರ್ಗಕ್ಕೆ ಇದೂ ಸೇರಿದೆ. ಲೋಕದಲ್ಲಿ ಬೆನ್ನೆಲುಬುಳ್ಳ ಜೀವಜಾತಿಗಳ ಸುಮಾರು ಅರ್ಧಪಾಲು ಇವೇ. ಮಹಶೀರಿನ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ! ಏಡಿ, ಬಸವನಹುಳು ಎಲ್ಲವೂ ಅಲ್ಲೇ ಪುಡಿಯಾಗಬೇಕು.

ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣಕ್ಕೆ ಬಂದರು. ಮೈಸೂರು ಸೀಮೆಯ ಬೆಳೆ, ಕಸುಬು, ಜಾತಿಗಳನ್ನು ಬಿಡದೆ ಬರೆದುಕೊಂಡ ಇವರೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಗಂಗೆಯ ಮೀನುಗಳ ಗ್ರಂಥವನ್ನು ಹೊರತಂದರು. ಅವರು ಉತ್ತರದ ಮಹಶೀರಿಗೆ ಇಟ್ಟ 'ಟಾರ್' ಎಂಬ ಹೆಸರೇ ಈಗ ಕುಲನಾಮ. ಕಾವೇರಿಯ ಮೀನಿಗೆ ಮಾತ್ರ ಶಾಸ್ತ್ರದ ಹೆಸರು ಬರಲಿಲ್ಲ. ಗಾಳ ಹಾಕುವ ದೊರೆಗಳಿಗೆ ಹೆಸರಿನ ಗೊಡವೆ ಇರಲಿಲ್ಲ, ತೂಕ ಸಾಕಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದ ಮೀನು 120 ಪೌಂಡು ತೂಗಿತಂತೆ!

1970ರ ದಶಕದಿಂದ ಲೋನಾವಳದಲ್ಲಿ ನೀಲಿರೆಕ್ಕೆಯ ಮಹಶೀರಿನ ಮರಿಗಳನ್ನು ಬೆಳೆಸತೊಡಗಿದರು. ಅವನ್ನು ಕಾವೇರಿಗೂ ತಂದು ಬಿಟ್ಟರು. ಉದ್ದೇಶ ಒಳ್ಳೆಯದೇ, ಮಹಶೀರ್ ಸಂತತಿ ಉಳಿಯಲಿ ಎಂದು. ಆದರೆ ಯಾವ ಮಹಶೀರ್ ಎಂದು ಕೇಳಿದವರು ಕಡಮೆ. ಕಾವೇರಿಯ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕದ ಪುಸ್ತಕಗಳು ಆಮೇಲೆ ಆಕರಗ್ರಂಥಗಳಾದವು: ನೀಲಿರೆಕ್ಕೆಯವು ಏರುತ್ತ ಹೋಗಿವೆ, ಗೂನುಬೆನ್ನಿನವು ಇಳಿಯುತ್ತ ಹೋಗಿವೆ. ಶಾಸನ ಓದುವವರಿಗೆ ಇಂಥ ಆಕರದ ಬೆಲೆ ಗೊತ್ತು.

ಇತ್ತ 2011ರಲ್ಲಿ ಕೇರಳದ ವಿದ್ವಾಂಸರಿಬ್ಬರು, ಕಾವೇರಿಯನ್ನು ಸೇರುವ ನೀರಾದ ಪಾಂಬಾರಿನಲ್ಲಿ ಸಿಕ್ಕ ಎಳೆಯ ಮೀನುಗಳನ್ನು ನೋಡಿ, ಹೊಸ ಜಾತಿಯೆಂದು 'ಟಾರ್ ರೆಮದೇವಿಯೈ' ಎಂಬ ಹೆಸರಿಟ್ಟರು. ಮೀನುಶಾಸ್ತ್ರಜ್ಞೆ ರೆಮಾದೇವಿಯವರ ಗೌರವಾರ್ಥ ಇಟ್ಟ ಹೆಸರದು. ಆ ಮರಿಗಳೂ ಕಾವೇರಿಯ ದೈತ್ಯನೂ ಒಂದೇ ಜಾತಿಯೆಂದು ಆಗ ಯಾರಿಗೂ ಹೊಳೆಯಲಿಲ್ಲ. ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳನ್ನು ಪರೀಕ್ಷಿಸಿ, ಎರಡೂ ಒಂದೇ ಎಂದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಆ ಹೆಸರು ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಏರಿತು.