ಎರಡಕ್ಷರದ ಆದೇಶಗಳು ನಡೆದು ಬಂದ ದಾರಿ

ಕಂಪ್ಯೂಟರ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬಣ್ಣದ ಪರದೆ, ಮೌಸ್, ಒತ್ತಿದರೆ ತೆರೆದುಕೊಳ್ಳುವ ಚಿಕ್ಕ ಚಿಕ್ಕ ಚಿತ್ರಗಳು. ಆದರೆ ಅಂತರ್ಜಾಲದ ಬೆನ್ನೆಲುಬಾದ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವರು ಇಂದಿಗೂ ಖಾಲಿ ಪರದೆಯ ಮೇಲೆ ಅಕ್ಷರಗಳನ್ನು ಟೈಪ್ ಮಾಡುತ್ತಾರೆ. ಕಡತಗಳ ಪಟ್ಟಿ ಬೇಕೇ? ‘ಎಲ್‌ಎಸ್’. ನಕಲು ಬೇಕೇ? ‘ಸಿಪಿ’. ಅಳಿಸಬೇಕೇ? ‘ಆರ್‌ಎಂ’. (ಈ ಕೊನೆಯದರಲ್ಲಿ ಜಾಗ್ರತೆ ಬೇಕು. ಅಳಿಸಿದ್ದನ್ನು ಹೆಕ್ಕಿ ತರಲು ಇಲ್ಲಿ ಕಸದ ಬುಟ್ಟಿ ಇರುವುದಿಲ್ಲ.) ಈ ಪುಟ್ಟ ಆದೇಶಗಳ ವಯಸ್ಸು ಲಿನಕ್ಸ್‌ಗಿಂತ ಬಹಳ ಹೆಚ್ಚು.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮತ್ತು ಸಂಗಡಿಗರು ಒಂದು ಹಳೆಯ, ಚಿಕ್ಕ ಯಂತ್ರದ ಮೇಲೆ ಯುನಿಕ್ಸ್ ಕಟ್ಟತೊಡಗಿದರು. ಅವರ ಮುಂದೆ ಇದ್ದುದು ಪರದೆಯಲ್ಲ, ಕಾಗದದ ಮೇಲೆ ಸೆಕೆಂಡಿಗೆ 10 ಅಕ್ಷರ ಮುದ್ರಿಸುವ ಟೆಲಿಟೈಪ್ ಯಂತ್ರ. ಅದರ ಕೀಲಿಗಳೂ ಗಟ್ಟಿ. ಇಂತಹ ಯಂತ್ರದ ಎದುರು ಕುಳಿತವರು ಮಾತು ಉಳಿಸದೆ ಇನ್ನೇನು ಮಾಡಿಯಾರು?

ಹೆಸರಿನಂತೆಯೇ ಕೆಲಸವೂ ಚಿಕ್ಕದು. ಒಂದು ಉಪಕರಣ, ಒಂದೇ ಕೆಲಸ. ಇವನ್ನು ಒಂದಕ್ಕೊಂದು ಜೋಡಿಸಬೇಕೆಂದು ವರ್ಷಗಟ್ಟಲೆ ಹಟ ಹಿಡಿದವರು ಡಗ್ ಮೆಕಿಲ್‌ರಾಯ್. ತೋಟದ ನೀರಿನ ಕೊಳವೆಗಳನ್ನು ಜೋಡಿಸುವಂತೆ ಪ್ರೋಗ್ರಾಂಗಳನ್ನೂ ಜೋಡಿಸಬೇಕು ಎಂದು ಅವರು 1964ರಲ್ಲೇ ಬರೆದಿಟ್ಟಿದ್ದರು. 1973ರಲ್ಲಿ ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಅದನ್ನು ಸಾಧ್ಯವಾಗಿಸಿದರು. ಅದೇ ‘ಪೈಪ್’. ಸರ್ವರ್‌ಗೆ ಯಾರೋ ಕನ್ನ ಹಾಕಲು ಯತ್ನಿಸುತ್ತಿದ್ದಾರೆ ಎನ್ನೋಣ. ಲಕ್ಷಾಂತರ ಸಾಲುಗಳ ದಾಖಲೆಯಿಂದ ವಿಫಲ ಪ್ರವೇಶಗಳ ಸಾಲುಗಳನ್ನು ‘ಗ್ರೆಪ್’ ಹೆಕ್ಕುತ್ತದೆ, ‘ಆಕ್’ ಅದರಿಂದ ವಿಳಾಸವನ್ನು ಮಾತ್ರ ಕತ್ತರಿಸುತ್ತದೆ, ‘ಸಾರ್ಟ್’ ಜೋಡಿಸುತ್ತದೆ, ‘ಯೂನಿಕ್’ ಎಣಿಸುತ್ತದೆ. ಒಂದೇ ಸಾಲಿನ ಆದೇಶದಲ್ಲಿ ಕಳ್ಳನ ಜಾಡು ಕೈಗೆ ಸಿಗುತ್ತದೆ.

ಗ್ರೆಪ್ ಹುಟ್ಟಿದ ಬಗೆಯೂ ಸ್ವಾರಸ್ಯಕರ. ಬೆಲ್ ಪ್ರಯೋಗಾಲಯದವರೇ ಆದ ಬ್ರಯಾನ್ ಕರ್ನಿಘಾನ್ ಹೇಳುವಂತೆ, ಸಹೋದ್ಯೋಗಿ ಲೀ ಮೆಕ್‌ಮಹನ್ ಅವರಿಗೆ 18ನೇ ಶತಮಾನದ ‘ಫೆಡರಲಿಸ್ಟ್’ ಪ್ರಬಂಧಗಳಲ್ಲಿ ಯಾವುದನ್ನು ಯಾರು ಬರೆದರೆಂದು ಪತ್ತೆ ಮಾಡಬೇಕಿತ್ತು. ಆ ಪಠ್ಯ ಅಂದಿನ ‘ಎಡ್’ ಎಂಬ ಸಂಪಾದನಾ ಪ್ರೋಗ್ರಾಂನಲ್ಲಿ ಹಿಡಿಸುತ್ತಿರಲಿಲ್ಲ. ಥಾಂಪ್ಸನ್ ಅದರ ಹುಡುಕುವ ಭಾಗವನ್ನಷ್ಟೇ ಬೇರ್ಪಡಿಸಿ ಕೊಟ್ಟರು.

ಇಷ್ಟೆಲ್ಲ ಸರಿ, ಆದರೆ ಇದರ ಒಡೆಯರು ಯಾರು? ಬೆಲ್ ಪ್ರಯೋಗಾಲಯ ಆಗ ಎಟಿ ಅಂಡ್ ಟಿ ದೂರವಾಣಿ ಕಂಪೆನಿಯದಾಗಿತ್ತು. 1956ರ ನ್ಯಾಯಾಲಯದ ಒಪ್ಪಂದದಂತೆ ಆ ಕಂಪೆನಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದ್ದರಿಂದ ಯುನಿಕ್ಸ್ ಅಲ್ಪ ಶುಲ್ಕಕ್ಕೆ ವಿಶ್ವವಿದ್ಯಾಲಯಗಳನ್ನು ತಲುಪಿತು. 1984ರಲ್ಲಿ ಕಂಪೆನಿ ವಿಭಜನೆಗೊಂಡು ಆ ಕಟ್ಟು ಸಡಿಲಾದಾಗ ಅದು ಮಾರಾಟದ ಸರಕಾಯಿತು. ಅದಕ್ಕೂ ಕೆಲವೇ ತಿಂಗಳ ಮೊದಲು, 1983ರ ಸೆಪ್ಟೆಂಬರ್‌ನಲ್ಲಿ, ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆಯನ್ನು ಘೋಷಿಸಿದ್ದರು. ಯುನಿಕ್ಸ್‌ನ ಉಪಕರಣಗಳನ್ನು ಒಂದೊಂದಾಗಿ ಹೊಸದಾಗಿ ಬರೆಯುವುದು, ಎಲ್ಲರಿಗೂ ಓದಲು, ತಿದ್ದಲು, ಹಂಚಲು ಬಿಡುವುದು ಅವರ ಗುರಿ. ಹೆಸರು ಹಳೆಯದು, ಕೆಲಸ ಹಳೆಯದು, ಒಳಗಿನ ಬರಹ ಮಾತ್ರ ಪೂರ್ತಿ ಹೊಸದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಕರ್ನೆಲ್ ಸಿದ್ಧಪಡಿಸಿ ಅದರ ಮೇಲೆ ಮೊದಲು ಓಡಿಸಿದ್ದು ಗ್ನೂ ಯೋಜನೆಯ ‘ಬ್ಯಾಷ್’ ಮತ್ತು ‘ಜಿಸಿಸಿ’ಗಳನ್ನೇ. ಇಡೀ ವ್ಯವಸ್ಥೆಗೆ ಲಿನಕ್ಸ್ ಎಂಬ ಹೆಸರಷ್ಟೇ ನಿಂತಿತು. ಇದು ಗ್ನೂ ಬಳಗಕ್ಕೆ ಆದ ಅನ್ಯಾಯವೆಂದೇ ನಮಗನಿಸುತ್ತದೆ.

ಆಡಳಿತವೆಂದರೆ ಅಧಿಕಾರ. ಲಿನಕ್ಸ್‌ನಲ್ಲಿ ‘ರೂಟ್’ ಎಂಬಾತ ಸರ್ವಾಧಿಕಾರಿ. ಆ ಅಧಿಕಾರವನ್ನು ಅಳೆದು ತೂಗಿ ಹಂಚುವ ‘ಸೂಡೊ’ 1980ರ ಸುಮಾರಿಗೆ ಬಫೆಲೊ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ದೂರದ ಯಂತ್ರವನ್ನು ನಿಭಾಯಿಸುವ ‘ಟೆಲ್‌ನೆಟ್’ ಪಾಸ್‌ವರ್ಡನ್ನು ಬಿಚ್ಚಿಟ್ಟ ಅಂಚೆ ಕಾರ್ಡಿನಂತೆ ಸಾಗಿಸುತ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳು ಕಳವಾದಾಗ ಅಲ್ಲಿನ ಸಂಶೋಧಕ ಟಾಟು ಯಲೋನೆನ್ ‘ಎಸ್‌ಎಸ್‌ಎಚ್’ ರಚಿಸಿದರು. ಗುಪ್ತಲಿಪಿಯಲ್ಲಿ ಸಾಗುವ ಅದೇ ಇಂದು ಆಡಳಿತಗಾರರ ಹೆಬ್ಬಾಗಿಲು.

2024ರಲ್ಲಿ ಆ ಹೆಬ್ಬಾಗಿಲಿಗೇ ಕಳ್ಳಕೀಲಿ ಸಿದ್ಧವಾಯಿತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜಡ್’ ಎಂಬ ಉಪಕರಣವನ್ನು ಲಾಸ್ಸೆ ಕಾಲಿನ್ ಬಹುಮಟ್ಟಿಗೆ ಒಬ್ಬರೇ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಎಂಬ ಹೆಸರಿನವರು 2021ರಿಂದ ನೆರವು ನೀಡುತ್ತಾ ಬಂದರು. ಕೆಲಸ ನಿಧಾನವೆಂದು ಬೇರೆ ಹೆಸರುಗಳಿಂದ ಕಾಲಿನ್ ಮೇಲೆ ಒತ್ತಡವೂ ಬಂತು. ವಿಶ್ವಾಸ ಗಳಿಸಿ ಸಹ ಉಸ್ತುವಾರಿ ಪಡೆದ ಟಾನ್, ಅದರೊಳಗೆ ಗುಪ್ತ ದ್ವಾರವೊಂದನ್ನು ಹುದುಗಿಸಿದರು. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಎಸ್‌ಎಸ್‌ಎಚ್ ಪರೋಕ್ಷವಾಗಿ ಎಕ್ಸ್‌ಜಡ್‌ನ ಭಾಗವೊಂದನ್ನು ಬಳಸುತ್ತಿದ್ದುದೇ ಇದಕ್ಕೆ ದಾರಿ. ಮೈಕ್ರೋಸಾಫ್ಟ್‌ನ ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ತಮ್ಮ ಯಂತ್ರದಲ್ಲಿ ಎಸ್‌ಎಸ್‌ಎಚ್ ಪ್ರವೇಶ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆ ಎಂದು ಅನುಮಾನ ಬಂತು. ಬೆನ್ನುಹತ್ತಿ ಹೋಗಿ, ಮಾರ್ಚ್ 29ರಂದು ಗುಟ್ಟನ್ನು ಬಯಲು ಮಾಡಿದರು. ಆ ಆವೃತ್ತಿ ಇನ್ನೂ ಬಹುತೇಕ ಪರೀಕ್ಷಾ ಹಂತದ ವಿತರಣೆಗಳಲ್ಲಷ್ಟೇ ಇತ್ತು. ಬರಹ ಎಲ್ಲರಿಗೂ ತೆರೆದಿದ್ದರಿಂದ ಅವರಿಗೆ ಹುಡುಕಲು ಸಾಧ್ಯವಾಯಿತು. ಬಾಗಿಲು ಎಲ್ಲರಿಗೂ ತೆರೆದಿದ್ದರಿಂದಲೇ ಟಾನ್ ಕೂಡ ಒಳಬಂದಿದ್ದು. ‘ಜಿಯಾ ಟಾನ್’ ಕಣ್ಮರೆಯಾದರು. ಮೇ ತಿಂಗಳ ಕೊನೆಯಲ್ಲಿ ಗುಪ್ತ ದ್ವಾರ ಕಿತ್ತೆಸೆದ ಹೊಸ ಆವೃತ್ತಿ ಬಂತು. ಅದನ್ನು ಹೊರತಂದವರು ಅದೇ ಲಾಸ್ಸೆ ಕಾಲಿನ್.