ಹಲಕುಂದಿಯ ದೊಡ್ಡವ್ವ ಹೇಳದ ಮಾತು

ಬಳ್ಳಾರಿ ಸುತ್ತಲಿನ ಮಾದಿಗರ ಕೇರಿಗಳ ಮೌಖಿಕ ಚರಿತ್ರೆಯನ್ನು ನಾವು ಐದು ಜನ ಸೇರಿ ಪುಸ್ತಕ ಮಾಡಿದ್ದೆವು. ಕ್ಯಾಸೆಟ್ ಕಾಲದ ಮಾತು. ಹಲಕುಂದಿಯ ಅಧ್ಯಾಯ ಬರೆದವನು ನಾನು. ಅದರಲ್ಲಿ ಒಬ್ಬ ಮುದುಕಿಯ ಬಾಯಲ್ಲಿ ನಾನೊಂದು ಸುಳ್ಳು ಇಟ್ಟೆ. ಬೇಕಂತಲೇ ಇಟ್ಟದ್ದಲ್ಲ. ಆದರೆ ಅದು ಎಲ್ಲಿಂದ ಬಂತು ಅಂತ ಹುಡುಕಿದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ. ಬೇರೆಯವರ ಪಠ್ಯಗಳನ್ನು ಬಿಡಿಸಿ ನೋಡುವ ನಾವು ನಮ್ಮದನ್ನೂ ಒಮ್ಮೆ ಬಿಡಿಸಬೇಕಲ್ಲ, ಅದಕ್ಕೇ ಈ ಬರಹ.

ದೊಡ್ಡವ್ವ (ನಾನು ಹಾಗೇ ಕರೆಯುತ್ತಿದ್ದೆ, ನಾನೂ ಅದೇ ಜಾತಿಯವನು) ಹೇಳಿದ್ದು ಇಷ್ಟು. ಆಕೆಯ ತಾತನಿಗೆ ಗಂಡುಮಕ್ಕಳಿರಲಿಲ್ಲ. "ನಮ್ಮವ್ವನ್ನ ಮನ್ಯಾಗೇ ಇಟ್ಕಂಡ್ರಪ್ಪ, ಹೊಲ ಆಕಿ ಹೆಸರಿಗೇ ಬಂತು." ಕೇಳಿದ್ದೇ ತಡ, ಬಸವಿ ಎಂದು ತೀರ್ಮಾನಿಸಿಬಿಟ್ಟೆ. ಗಂಡುಸಂತಾನ ಇಲ್ಲದ್ದಕ್ಕೆ ತನ್ನ ತಾಯಿಯನ್ನು ದೇವರಿಗೆ ಬಿಟ್ಟರೆಂದು ಈಕೆಯೇ ಹೇಳುತ್ತಾಳೆ ಅಂತ ಅಚ್ಚಾಯಿತು.

ನನ್ನ ಮೇಜಿನ ಮೇಲೆ ಎಡ್ಗರ್ ಥರ್ಸ್ಟನ್ ಇದ್ದ. ಕೆ. ರಂಗಾಚಾರಿ ಅವರ ನೆರವಿನಿಂದ ಆತ 1909ರಲ್ಲಿ ಹೊರತಂದ, ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ 7 ಸಂಪುಟ. ಹಾಗೆ ನೋಡಿದರೆ ಅದೂ ಹಲವು ಕೈ ಸೇರಿದ ಪುಸ್ತಕವೇ. ಬಸವಿಯರ ವಿಚಾರ ಬಂದಾಗ ಥರ್ಸ್ಟನ್ ಇಬ್ಬರಿಂದ ಎರವಲು ತರುತ್ತಾನೆ. ಒಬ್ಬ ಫಾಸೆಟ್ ಎಂಬ ಪೊಲೀಸ್ ಅಧಿಕಾರಿ. ಇನ್ನೊಬ್ಬ 1904ರ ಬಳ್ಳಾರಿ ಗೆಜೆಟಿಯರ್ ಬರೆದ ಡಬ್ಲ್ಯು. ಫ್ರಾನ್ಸಿಸ್. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳನ್ನು ಬಸವಿ ಬಿಡುತ್ತಾರೆ, ಆಕೆಗೆ ಮಗನ ಹಾಗೆ ಆಸ್ತಿ ಬರುತ್ತದೆ ಅನ್ನುವುದು ಅಲ್ಲಿನ ವಿವರಣೆ. ದೊಡ್ಡವ್ವನ ಮಾತು ಈ ಅಚ್ಚಿನೊಳಗೆ ಸಲೀಸಾಗಿ ಕೂತುಬಿಟ್ಟಿತು.

ಆದರೆ ಫ್ರಾನ್ಸಿಸ್ ಆ ಮಾತು ಹೇಳುವುದು ಜಿಲ್ಲೆಯ ಪಶ್ಚಿಮದ ತಾಲೂಕುಗಳ ಬಗ್ಗೆ, ಬೋಯರು, ಬೇಡರು ಮತ್ತೆ ಕೆಲವು ಜಾತಿಗಳ ಬಗ್ಗೆ. ಅಂದರೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಕಡೆ. ಆ ಸೀಮೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹಲಕುಂದಿ ಇರುವುದು ಬಳ್ಳಾರಿ ಊರಿನ ಮಗ್ಗುಲಲ್ಲಿ. ಸಾಹೇಬ ಕೂಡ ನನಗಿಂತ ಎಚ್ಚರ ವಹಿಸಿದ್ದ!

ಮಾದಿಗರಲ್ಲಿ ಬಸವಿ ಬಿಡುವುದು ಇರಲಿಲ್ಲ ಎಂದು ನಾನು ವಾದಿಸುತ್ತಿಲ್ಲ. ಇತ್ತು, ನಮ್ಮ ಹೆಣ್ಣುಮಕ್ಕಳು ಅದನ್ನು ಉಂಡಿದ್ದಾರೆ. 1947ರ ಮದರಾಸು ಕಾನೂನು ಆಗ ಮದರಾಸು ಪ್ರಾಂತ್ಯದಲ್ಲಿದ್ದ ಬಳ್ಳಾರಿಗೂ ಅನ್ವಯಿಸುತ್ತಿತ್ತು. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1982ರಲ್ಲಿ ಕರ್ನಾಟಕ ಮತ್ತೊಂದು ದೇವದಾಸಿ ನಿಷೇಧ ಕಾನೂನು ಮಾಡಬೇಕಾಯಿತು. ಇಷ್ಟೆಲ್ಲ ನಿಜ ಇದ್ದದ್ದರಿಂದಲೇ ನನ್ನ ಸುಳ್ಳು ಯಾರಿಗೂ ಸುಳ್ಳು ಅನ್ನಿಸಲಿಲ್ಲ.

ಒಬ್ಬರಿಗೆ ಅನ್ನಿಸಿತ್ತು. ಧ್ವನಿಮುದ್ರಣ ಮಾಡಿದ ನಮ್ಮ ಗೆಳತಿ ಕರಡಚ್ಚಿನ ಅಂಚಿನಲ್ಲಿ "ಹೀಗೆ ಅಂದರಾ?" ಎಂದು ಬರೆದಿದ್ದರು. ನಾನು ಪಕ್ಕದಲ್ಲಿ "ಥರ್ಸ್ಟನ್ ನೋಡಿ" ಎಂದು ಗೀಚಿ ಪ್ರೆಸ್ಸಿಗೆ ಕಳಿಸಿದೆ. ಕೇರಿಯ ಹೆಂಗಸು ಏನಂದಳು ಅಂತ ಕೇಳಿದರೆ ದೊರೆಯನ್ನು ಸಾಕ್ಷಿಗೆ ಕರೆದಿದ್ದೆ.

ಪುಸ್ತಕ ಕೊಡಲು ಹಲಕುಂದಿಗೆ ಹೋದಾಗ ಮೊಮ್ಮಗ ಆ ಪುಟ ಓದಿ ಹೇಳಿದ. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ತಮ್ಮಾ, ಇದ್ರಾಗ ನಮ್ಮಪ್ಪ ಎಲ್ಲಿ ಹೋದ?" ಅಂದಳು. ನನಗೆ ತಿಳಿಯಲಿಲ್ಲ. "ಮನೆ ಅಳಿಯ ಆಗಿ ಬಂದಿದ್ದ, ಹೇಳಿದ್ನಲ್ಲಪ್ಪ. ಈ ಹುಡುಗಿನ್ನ ನೋಡಾಕ ಬರೋರು ಇದನ್ನ ಓದಿದ್ರ ಏನ್ ಹೇಳ್ಲಿ?" ಮೊಮ್ಮಗಳು ಬಾಗಿಲ ಹತ್ತಿರವೇ ನಿಂತಿದ್ದಳು.

ಊರಿಗೆ ಬಂದು ಕ್ಯಾಸೆಟ್ ತಿರುವಿ ಹಾಕಿದೆ. ಎರಡನೇ ಬದಿಯಲ್ಲಿ ಅಪ್ಪ ಇದ್ದ. ಕುರುಗೋಡು ಕಡೆಯವನು, ಮದುವೆಯಾಗಿ ಹೆಂಡತಿಯ ಮನೆಗೇ ಬಂದು ನಿಂತವನು. ನಾನು ಒಂದೇ ಬದಿ ಕೇಳಿ ಅಧ್ಯಾಯ ಮುಗಿಸಿದ್ದೆ.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟ ಕೆಲಸ. ಉಳಿದ ಪ್ರತಿಗಳಿಗೆ ಒಂದು ಚೀಟಿ ಅಂಟಿಸಿದೆವು. ಅದರಲ್ಲಿ 'ಮುದ್ರಣದೋಷ' ಎಂದಿತ್ತು. ಆ ಪದ ಬರೆದವನೂ ನಾನೇ. ಮೊಳೆ ಜೋಡಿಸಿದ ಹುಡುಗ ನಾನು ಕೊಟ್ಟದ್ದನ್ನು ಒಂದಕ್ಷರ ಬಿಡದೆ ಜೋಡಿಸಿದ್ದ. ನಮ್ಮ ಹಾಗೇ ಕೂಲಿಯವನು, ತಪ್ಪು ಅವನ ತಲೆಗೆ ಹೋಯಿತು. ಉಳಿದ ನಾಲ್ವರು ನನ್ನ ಮುಖ ನೋಡಿ ಸುಮ್ಮನಾದರು. ರಕ್ಷಾಪುಟದ ಮೇಲೆ ಅವರ ಹೆಸರೂ ಇತ್ತು.

ಅಂಬೇಡ್ಕರ್ ಅಸ್ಪೃಶ್ಯರ ಮೂಲ ಕುರಿತ 1948ರ ಪುಸ್ತಕದ ಮುನ್ನುಡಿಯಲ್ಲಿ, ದಾಖಲೆಯ ಕೊಂಡಿ ಕಳಚಿದ ಕಡೆ ಕಲ್ಪನೆಯಿಂದ ಕೂಡಿಸಬೇಕಾಯಿತು ಎಂದು ಬಿಚ್ಚಿ ಹೇಳುತ್ತಾರೆ. ದಾಖಲೆ ಇಲ್ಲದ ಜನರ ಚರಿತ್ರೆಗೆ ಊಹೆ ಬೇಕೇ ಬೇಕು. ನನ್ನ ಊಹೆ ನನ್ನ ಹೆಸರಲ್ಲೇ ನಿಂತಿದ್ದರೆ ಯಾರಾದರೂ ತಳ್ಳಿಹಾಕುತ್ತಿದ್ದರು. ಅದು ದೊಡ್ಡವ್ವನ ಮಾತಾಗಿ ನಿಂತಿತ್ತು. ಮುಂದೆ ಒಂದು ಸಂಶೋಧನ ಪ್ರಬಂಧದಲ್ಲಿ "ಹಲಕುಂದಿಯ ಮಹಿಳೆಯೊಬ್ಬರು ಹೇಳುವಂತೆ" ಎಂದು ನನ್ನ ವಾಕ್ಯವೇ ಆಧಾರವಾಗಿ ಕಾಣಿಸಿತು. ಆ ಹೊತ್ತಿಗೆ ಆಕೆ ಇರಲಿಲ್ಲ.

ಆ ಪುಸ್ತಕ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹಲಕುಂದಿಯ ಅಧ್ಯಾಯ ತೆಗೆದು ಆ ವಾಕ್ಯ ಹೊಡೆದುಹಾಕಿ. ಅಂಚಿನಲ್ಲಿ ಬರೆದುಕೊಳ್ಳಿ: ತಾಯಿಗೆ ಮದುವೆಯಾಗಿತ್ತು, ಗಂಡ ಕುರುಗೋಡು ಕಡೆಯಿಂದ ಮನೆ ಅಳಿಯನಾಗಿ ಬಂದಿದ್ದ. ಚೀಟಿ ಇದ್ದರೆ ಅದನ್ನೂ ಕಿತ್ತುಬಿಡಿ.